ಹವಾ ನೋಡಿ ಸೂಜಿ ತಿರುವಬೇಕು

ಹ್ವಾದ ರವಿವಾರ ಬಾಜೂಮನಿ ವೈನಿ ಕಂಪೌಂಡ್ ಮ್ಯಾಲಿಂದ ಬಗ್ಗಿ ಕೇಳಿದ್ರು, "ಅಲ್ರೀ, ನಿಮ್ಮನಿಯವ್ರು ಮುಂಜಾನೆದ್ದು ಅಂಗಳದಾಗ ನಿಂತು ಮುಗಿಲು ನೋಡ್ತಾರ. ಆಮ್ಯಾಲೆ ನಿಮ್ಮನ್ನ ಕರೀತಾರ, ನೀವು ಒಂದು ವಹಿ ತಂದು ಏನೋ ಓದಿ ಹೇಳ್ತೀರಿ. ಪಂಚಾಂಗ ಏನ್ರೀ ಅದು?"

"ಪಂಚಾಂಗ ಅಲ್ರೀ ವೈನಿ, ಇಂಜಿನ್ ವಹಿ," ಅಂದೆ. ಅವರಿಗೆ ತಿಳೀಲಿಲ್ಲ. ಕಂಪೌಂಡ್ ಹತ್ರ ನಿಂತು ಹೇಳಿ ಮುಗಿಸೂ ಮಾತಲ್ಲ ಅದು. ಒಲಿ ಮ್ಯಾಲೆ ಹಾಲಿಟ್ಟು ಬಂದಿದ್ದೆ ಬ್ಯಾರೆ. ಅದಕ್ಕ ಇವತ್ತ ಸಾವಕಾಶ ಕೂತು ಬರೀಲಿಕ್ಕತ್ತೇನಿ. ವೈನಿ, ನೀವೂ ಓದ್ರಿ.

ನಮ್ಮನಿಯವ್ರಿಗೆ ಹುಡುಗರಿದ್ದಾಗಿಂದ ವಿಮಾನದ ಹುಚ್ಚು. ಬೆಂಗಳೂರಾಗ ಓದೂ ಮುಂದ ಎನ್‌ಸಿಸಿ ಏರ್ ವಿಂಗ್‌ನ್ಯಾಗ ಇದ್ರು, ಅಲ್ಲೆ ಏರೋಮಾಡೆಲಿಂಗ್ ಕಲತ್ರು. ಇದು ಈಗಿನ ಹುಡುಗರು ರಿಮೋಟ್ ಹಿಡದು ಹಾರಿಸೂ ಆಟಿಗಿ ಅಲ್ಲ. ಎರಡು ಸಣ್ಣ ಉಕ್ಕಿನ ತಂತಿ, ಒಂದು ಹಿಡಿಕಿ. ಮೈದಾನದ ನಡುವ ನಿಂತವ ಹಿಡಿಕಿ ಓರೆ ಮಾಡಿದಂಗ ವಿಮಾನ ಏರ್ತದ, ಇಳೀತದ. ಕಂಟ್ರೋಲ್ ಲೈನ್ ಅಂತಾರ ಇದಕ್ಕ. ಗಾಣದ ಎತ್ತಿನಂಗ ಸುತ್ತ ತಿರಗ್ತದ, ಆದ್ರ ಎತ್ತಿನ ಲೆಕ್ಕದಾಗ ಅಲ್ಲ, ಕಣ್ಣು ಹಿಡೀಲಾರದಷ್ಟು ಜೋರಾಗಿ.

ರೇಸ್ ಅಂದ್ರ ಒಂದ ಗೆರಿ ಒಳಗ ಎರಡು ಮೂರು ವಿಮಾನ ಕೂಡೇ ಹಾರ್ತಾವ. ಹಾರಸವರು ನಡುವ ಮೈಗೆ ಮೈ ಹಚ್ಚಿ ತಿರಗ್ತಾರ. ಹೊರಗ ಒಬ್ಬೊಬ್ಬರದು ಒಬ್ಬೊಬ್ಬ ಮೆಕ್ಯಾನಿಕ್. ಎಣ್ಣಿ ತೀರಿ ವಿಮಾನ ಇಳೀತು ಅಂದ್ರ ಅದನ್ನ ಹಿಡದು, ಎಣ್ಣಿ ತುಂಬಿ, ಪಂಖಾ ಬೆರಳಿಂದ ಹೊಡದು ಮತ್ತ ಬಿಡಬೇಕು. ಜಾಗತಿಕ ಮಟ್ಟದ ಟೀಮ್ ರೇಸ್‌ನ್ಯಾಗ ತಂತಿ 15.92 ಮೀಟರ್ ಇರ್ತದ. ಹಿಂಗಾಗಿ 100 ಸುತ್ತು ಅಂದ್ರ ಬರೋಬ್ಬರಿ 10 ಕಿಲೋಮೀಟರ್, ಫೈನಲ್ ಅಂದ್ರ 200 ಸುತ್ತು. ನಮ್ಮ ಕಡೆ ಹುಡುಗರು ಕೂಡಿ ಮಾಡೂ ಸ್ಪರ್ಧಾ ಅಷ್ಟು ದೊಡ್ಡವಲ್ಲ. ಆದ್ರ ಅಲ್ಲೆ ನಿಂತವ್ರ ಎದಿ ಬಡಿತ ಮಾತ್ರ ಅಷ್ಟ ಇರ್ತದ.

ನಮ್ಮನ್ಯಾಗಿನ ಇಂಜಿನ್ನು ಜಪಾನಿನ ಎನ್ಯಾ, 2.5 ಸಿಸಿ. ಅಂದ್ರ ಚಹಾ ಚಮಚದಾಗ ಅರ್ಧ ಹಿಡಿಯೂ ಅಷ್ಟು ಜಾಗಾ ಅದರ ಹೊಟ್ಯಾಗ. 1988 ರಾಗ ಇವರು ಪಗಾರ ಉಳಿಸಿ ಯಾರ ಹತ್ರನೋ ಹಳೇದು ತಗೊಂಡಿದ್ರು. ನಾ ಲಗ್ನಾಗಿ ಬರೂದಕ್ಕಿಂತ ಮೊದಲ ಮನಿಗೆ ಬಂದದ್ದು ಅದು. ನಮ್ಮತ್ತಿಯವರು "ಇಕಿ ನಿನ್ನ ಹಿರೇ ಸವತಿ ನೋಡವಾ" ಅಂತ ನಗತಿದ್ರು.

ಇದಕ್ಕ ಪೆಟ್ರೋಲ್ ನಡ್ಯಂಗಿಲ್ಲ. 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣಿ. ಹೌದ್ರೀ, ನಾವು ಕೂಸಿನ ನೆತ್ತಿಗೆ ಹಚ್ಚೂ ಅದ ಹರಳೆಣ್ಣಿ! ಎಷ್ಟ ಬಿಸಿ ಆದ್ರೂ ಅದರ ಜಿಗಿ ಲಗೂ ಬಿಡಂಗಿಲ್ಲಂತ, ಇಂಜಿನ್ ಸವೀಲಾರದಂಗ ಕಾಯ್ತದಂತ. ಇವರು ಹಿತ್ತಲದಾಗ ಇಂಜಿನ್ ಹಚ್ಚಿದ್ರ ಸುಟ್ಟ ಹರಳೆಣ್ಣಿ ವಾಸನಿ ಓಣಿ ತುಂಬ ಹೋಗ್ತಿತ್ತು. ಮೆಥನಾಲ್ ಮಾತ್ರ ಹುಷಾರ್ರೀ. ವಿಷ ಅದು, ಹೊಟ್ಟಿಗೆ ಹೋದ್ರ ಕಣ್ಣು ಹೋಗ್ತಾವ, ಜೀವನೂ ಹೋಗ್ತದ. ಹಗಲ ಬೆಳಕಿನ್ಯಾಗ ಅದರ ಉರಿ ಕಣ್ಣಿಗೆ ಕಾಣೂದ ಇಲ್ಲ. ಅಡಿಗಿ ಮನಿ ಹತ್ರ ಅದನ್ನ ನಾ ಒಂದು ದಿನಾನೂ ತರಗೊಟ್ಟಿಲ್ಲ.

ಪ್ಲಗ್ಗೂ ಗಾಡಿಯೊಳಗಿನಂಗ ಕಿಡಿ ಹಾರಿಸೂದಲ್ಲ. ಒಳಗ ಪ್ಲಾಟಿನಂ ಇರೂ ಒಂದು ಸಣ್ಣ ತಂತಿ ಸುರುಳಿ. ಚಾಲೂ ಮಾಡೂ ಮುಂದ ಒಂದೂವರಿ ವೋಲ್ಟಿನ ಸೆಲ್ ಹಚ್ಚಿ ಅದನ್ನ ಕೆಂಪ ಮಾಡಬೇಕು. ಒಮ್ಮೆ ಇಂಜಿನ್ ಹತ್ತಿಕೊಂಡ್ರ ಸೆಲ್ ತಗದ್ರೂ ಮೆಥನಾಲಿನ ಸಂಗಾಟ ಆ ತಂತಿ ತಾನ ಕೆಂಪಗ ಉಳೀತದ.

ಇಷ್ಟ ಆದ ಮ್ಯಾಲೆ ಉಳಿಯೂದು ಒಂದ. ಸೂಜಿ. ಎಣ್ಣಿ ಎಷ್ಟು ಒಳಗ ಹೋಗಬೇಕು ಅಂತ ಹೇಳೂದು ಈ ಸೂಜಿ. ನಮ್ಮ ಪಂಪ್ ಸ್ಟೋವ್ ನೆನಪ ಮಾಡ್ಕೋರಿ. ಹವಾ ಕಡಿಮಿ ಆದ್ರ ಹಳದಿ ಉರಿ, ಪಾತೇಲಿ ತಳ ಕರ್ರಗ. ಹವಾ ಎಣ್ಣಿ ಎರಡೂ ಸರಿ ಕೂತ್ರ ನೀಲಿ ಉರಿ, ಭರ್ ಅಂತ ಸಪ್ಪಳ. ಇದೂ ಹಂಗ. ಸೂಜಿ ಬಿಚ್ಚಿದ್ರ ಎಣ್ಣಿ ಜಾಸ್ತಿ, ಅದಕ್ಕ ರಿಚ್ ಅಂತಾರ. ಇಂಜಿನ್ ಗೊರ ಗೊರ ಅಂತದ, ಹೊಗಿ ಬಿಡ್ತದ, ಓಟ ಇರಂಗಿಲ್ಲ. ಸೂಜಿ ಬಿಗದ್ರ ಎಣ್ಣಿ ಕಡಿಮಿ, ಅದು ಲೀನ್. ಮೊದಲ ಭಾಳ ಜೋರ ಓಡ್ತದ, ಕೇಳವರಿಗೆ ಖುಷಿ ಆಗ್ತದ. ಆದ್ರ ಒಳಗ ಕಾದು ಕಾದು ಸುಡ್ಲಿಕ್ಕತ್ತಿರ್ತದ. ರಿಚ್ ಆದ್ರ ರೇಸ್ ಸೋಲ್ತೀವಿ ಅಷ್ಟ, ಲೀನ್ ಆದ್ರ ಇಂಜಿನ್ನ ಹೋಗ್ತದ.

ಇದರಾಗ ಹವಾಕ್ಕ ಏನ್ ಕೆಲಸ ಅಂತೀರೇನು? ಒಂದು ತೂಕ ಮೆಥನಾಲ್ ಪೂರಾ ಉರೀಬೇಕಂದ್ರ ಅದರ ಆರೂವರಿ ಪಟ್ಟು ತೂಕದ ಹವಾ ಬೇಕು. ಇಂಜಿನ್ ಎಳ್ಕೊಳ್ಳೂದು ಅಳತಿ ಮ್ಯಾಲೆ, ತೂಕದ ಮ್ಯಾಲೆ ಅಲ್ಲ. ಛಳಿಗಾಲದ ಮುಂಜಾನೆ ಹವಾ ದಟ್ಟ ಇರ್ತದ, ಅದ ಒಂದು ಚಮಚದಾಗ ಜಾಸ್ತಿ ಆಮ್ಲಜನಕ. ಅವಾಗ ಸೂಜಿ ಸ್ವಲ್ಪ ಬಿಚ್ಚಿ ಎಣ್ಣಿ ಜಾಸ್ತಿ ಕೊಡಬೇಕು. ಬಿಸಲ ಏರಿತು, ಹವಾ ತೆಳ್ಳಗಾತು, ಸೂಜಿ ಬಿಗೀಬೇಕು. ಮಳಿಗಾಲದಾಗ ಹವಾದಾಗ ನೀರಿನ ಆವಿ ಸೇರಿ ಆಮ್ಲಜನಕದ ಜಾಗಾ ಹಿಡೀತದ. ಆವಿ ಒಣಾ ಹವಾಕ್ಕಿಂತ ಹಗುರ. ಅವಾಗೂ ಬಿಗೀಬೇಕು. ಊರು ಎತ್ತರ ಇದ್ದಷ್ಟೂ ಹವಾ ತೆಳು, ಬಿಗೀಬೇಕು. ತಗ್ಗಿಗೆ ಇಳದ್ರ ಬಿಚ್ಚಬೇಕು.

ನಾವು ಹೆಣ್ಮಕ್ಕಳು ಇದನ್ನ ದಿನಾ ಮಾಡ್ತೇವಿ, ಹೆಸರಿಟ್ಟಿಲ್ಲ ಅಷ್ಟ. ಆಷಾಢದಾಗ ಹಿಟ್ಟಿಗೆ ನೀರು ಕಡಿಮಿ ಹಾಕ್ತೇವಿ. ಛಳಿಗಾಲದಾಗ ದ್ವಾಸಿ ಹಿಟ್ಟು ಒಲಿ ಹತ್ರ ಇಡ್ತೇವಿ. ಉಪ್ಪು ಒದ್ದಿ ಆತಂದ್ರ ಸಂಡಿಗಿ ಹಾಕೂದ ಮುಂದ ಹಾಕ್ತೇವಿ. ಇವರು ವಿಮಾನ ಬಿಡೂ ಮುಂದ ಸೂಜಿ ಸ್ವಲ್ಪ ರಿಚ್ ಇಟ್ಟ ಬಿಡ್ತಾರ, ಯಾಕಂದ್ರ ಮ್ಯಾಲೆ ಹೋದ ಮ್ಯಾಲೆ ಪಂಖಾದ ಹೊರಿ ಹಗುರಾಗಿ ಇಂಜಿನ್ ತಾನ ಲೀನ್ ಕಡೆ ಹೋಗ್ತದ. ಇದನ್ನ ಮೊದಲ ಸಲ ಕೇಳಿದಾಗ "ಶಿರಾ ಇಳಸೂ ಮುಂದ ಸಡ್ಲ ಇರಬೇಕು, ಆರಿದ ಮ್ಯಾಲೆ ಗಟ್ಟಿ ಆಗ್ತದ, ಹಂಗೇನ್ರೀ?" ಅಂದೆ. ಇವರು ನನ್ನ ಮಾರಿ ನೋಡಿ "ಹೌದಲ್ಲ!" ಅಂದಿದ್ರು.

ವಹಿ ಶುರು ಆದದ್ದು ಹಿಂಗ. ಇವರಿಗೆ ನೆನಪ ಕಡಿಮಿ. ಹ್ವಾದ ರವಿವಾರ ಸೂಜಿ ಎಷ್ಟಿಟ್ಟಿದ್ದೆ ಅಂತ ನನ್ನ ಕೇಳವರು. ನಾ ಹಾಲಿನ ಲೆಕ್ಕದ ವಹಿ ಹಿಂದಿನ ಪುಟದಾಗ ಬರ್ಕೊಳ್ಳಿಕ್ಕೆ ಶುರು ಮಾಡಿದೆ. ತಾರೀಖು, ಹೊತ್ತು, ಬಿಸಲೋ ಮಾಡೋ, ಸಂಡಿಗಿ ಎಷ್ಟ ದಿನಕ್ಕ ಒಣಗಿದ್ವು, ಸೂಜಿ ಎಷ್ಟ ಸುತ್ತು. ಆಮ್ಯಾಲೆ ಮಗಾ ಒಂದು ಥರ್ಮಾಮೀಟರ್ ತಂದ, ಆರ್ದ್ರತಾ ತೋರ್ಸೂದೂ ತಂದ. ಹಾಲಿನ ವಹಿ ತುಂಬಿ ಬ್ಯಾರೆ ವಹಿ ಆತು. ಪ್ಲಗ್ ಬಿಚ್ಚಿದಾಗ ತಂತಿ ಹೊಳೀತಿತ್ತೋ, ಬೂದಿ ಬಣ್ಣ ಆಗಿತ್ತೋ, ಅದನ್ನೂ ಬರೀತಿದ್ದೆ. ಬೂದಿ ಬಣ್ಣ ಅಂದ್ರ ಇಂಜಿನ್ ಭಾಳ ಕಾದದ ಅಂತ ಅರ್ಥ. ಎಣ್ಣಿ ನಳಿಗಿ ಒಂದು ಕ್ಷಣ ಚಿವುಟಿ ಬಿಟ್ರ ದನಿ ಸ್ವಲ್ಪ ಏರಿ ಮತ್ತ ಇಳೀಬೇಕು. ಏರದ ಸಾಯ್ಲಿಕ್ಕೆ ಹೋತಂದ್ರ ಮೊದಲ ಲೀನ್ ಇತ್ತಂತ. ಇದೆಲ್ಲಾ ಕೇಳಿ ಕೇಳಿ ನನ್ನ ಕಿವಿಗೂ ರೂಢಿ ಆತು. ರೊಟ್ಟಿ ಬಡ್ಯೂ ಮುಂದ ಹಿತ್ತಲದಾಗಿನ ಸಪ್ಪಳ ಕೇಳಿ "ಇವತ್ತ ರಿಚ್ ಅದ" ಅಂತ ಒಬ್ಬಾಕಿನ ಅಂದ್ಕೊಳ್ಳಾಕಿ.

ಈಗ ಮುಖ್ಯ ಮಾತಿಗೆ ಬರ್ತೇನಿ. 2019 ರ ಫೆಬ್ರುವರಿಯೊಳಗ ಮಂಗಳೂರು ಕಡೆ ಒಂದು ಸಣ್ಣ ಸ್ಪರ್ಧಾ ಇತ್ತು. ಮಗಾ ಹಾರಸವ, ಇವರು ಮೆಕ್ಯಾನಿಕ್. ಮಗಾ ನೌಕರಿಗೆ ಹತ್ತಿದ ಮ್ಯಾಲೆ ಅಪ್ಪಾ ಮಗಾ ಕೂಡೇ ಮಾಡೂ ಕೆಲಸ ಇದೊಂದ ಉಳದಿತ್ತು. ಉಳದ ಮಾತೆಲ್ಲಾ ಫೋನಿನ್ಯಾಗ "ಊಟಾತೇನು" ಅನ್ನೂದರಾಗ ಮುಗೀತಿತ್ತು. ಎರಡು ತಿಂಗಳು ರವಿವಾರ ಮಧ್ಯಾಹ್ನ ನಾಕಕ್ಕ ಮೈದಾನಕ್ಕ ಹೋಗಿ ತಾಲೀಮು ಮಾಡಿದ್ರು. ಧಾರವಾಡದ ಒಣಾ ಬಿಸಲು, 30 ಡಿಗ್ರಿ, ಸೂಜಿ ಎರಡೂಕಾಲು ಸುತ್ತು. ಇಂಜಿನ್ ಗೆಜ್ಜಿ ಕಟ್ಟಿದಂಗ ಓಡ್ತಿತ್ತು.

ಮಂಗಳೂರಾಗ ಇಳದಾಗ ಸೆಕಿ ಅಂದ್ರ ಸೆಕಿ, ಸೀರಿ ಮೈಗೆ ಅಂಟ್ತಿತ್ತು. ಥರ್ಮಾಮೀಟರ್ ಅಲ್ಲೂ 30 ಅ. ಇವರು ಹವಾ ನೋಡಿದ್ರು. "ಆರ್ದ್ರತಾ ಭಾಳ ಅದ, ಇಂಜಿನ್ ರಿಚ್ ಆಗ್ತದ, ಎರಡು ಹಲ್ಲು ಬಿಗೀತೇನಿ," ಅಂದ್ರು. ಸೂಜಿ ತಿರುವೂ ಮುಂದ ಕಟ್ ಕಟ್ ಅನ್ನೂ ಹಲ್ಲು ಇರ್ತಾವ. ಮಗಾ "ಅಪ್ಪಾ, ಮೊದಲ ಒಂದೀಟು ಬಿಚ್ಚಿ ನೋಡೋಣಲ್ಲ" ಅಂದ. "ನೀ ಹುಟ್ಟೂಕಿಂತ ಮೊದಲಿಂದ ಈ ಇಂಜಿನ್ ನೋಡ್ಲಿಕತ್ತೇನಿ," ಅಂದ್ರು ಇವರು. ಸುತ್ತ ಹತ್ತು ಮಂದಿ ನಿಂತಿದ್ರು. ಮಗಾ ಸುಮ್ನಾದ.

ನನ್ನ ಚೀಲದಾಗ ವಹಿ ಇತ್ತು. ಅದರಾಗ 2006 ರ ಒಂದು ಪುಟ ಇತ್ತು. ಕಾರವಾರಕ್ಕ ನನ್ನ ತಂಗಿ ಮನಿಗೆ ಹೋದಾಗ, ಆಕಿ ಗಂಡ ನೋಡಬೇಕಂದಾರಂತ ಅಂಗಳದಾಗ ಹಲಿಗಿಗೆ ಕಟ್ಟಿ ಇಂಜಿನ್ ಹಚ್ಚಿದ್ರು. ನಾ ಬರದಿದ್ದೆ: "ಕಾರವಾರ. ಸೆಕಿ. ಉಪ್ಪು ನೀರಾಗೇದ. ಆದ್ರೂ ಕಾಲು ಸುತ್ತು ಬಿಚ್ಚಬೇಕಾತು." ಆ ಪುಟ ನಂಗ ಪಕ್ಕಾ ನೆನಪಿತ್ತು. ಚೀಲದ ಜಿಪ್ ಮ್ಯಾಲೆ ಕೈನೂ ಹೋಗಿತ್ತು. ಆದ್ರ ಅಷ್ಟು ಗಂಡಸರ ನಡುವ, ಪಿಯುಸಿ ಓದಿದಾಕಿ ನಾ, ಹಾಲಿನ ವಹಿ ತಗದು "ರೀ, ಬಿಚ್ಚರಿ" ಅಂದ್ರ ಏನಂದಾರು ಅನಿಸ್ತು. ಕೈ ಹಿಂದ ತಗೊಂಡೆ.

ವಿಮಾನ ಬಿಟ್ರು. ಅಬ್ಬಾ, ಏನ್ ಓಟ ಅದು! ಮೊದಲ ಹತ್ತು ಸುತ್ತು ಎಲ್ಲಾರಿಗಿಂತ ಮುಂದ. ಮಂದಿ ಚಪ್ಪಾಳಿ ಹೊಡದ್ರು. ನನ್ನ ಹೊಟ್ಯಾಗ ಮಾತ್ರ ಕಲಸಿದಂಗ ಆಗ್ಲಿಕ್ಕತ್ತಿತ್ತು. ದನಿ ಭಾಳ ಸಣ್ಣದಿತ್ತು, ಹಿಂದ ಹೊಗಿ ಎಳಿನ ಇರಲಿಲ್ಲ. ಇಪ್ಪತ್ತು ಸುತ್ತಿಗೆ ದನಿ ಕುಗ್ಗಿತು. ನಡುವ ನಿಂತ ಮಗನ ಕೈಯಾಗ ಇಂಜಿನ್ ನಿಂದ್ರಸೂ ಉಪಾಯ ಇಲ್ಲ, ಎಣ್ಣಿ ತೀರೂ ತನಕ ಹಾರಸಬೇಕು. ಆಮ್ಯಾಲೆ ಒಂದು ಕರ್ಕಶ ಸಪ್ಪಳ ಬಂತು, ಪಂಖಾ ಒಮ್ಮೆಲೆ ನಿಂತು ಬಿಡ್ತು. ಮಗಾ ಹೆಂಗೋ ಇಳಿಸಿದ. ಇವರು ಓಡಿ ಹೋಗಿ ಮುಟ್ಟಿದವರ ಕೈ ಹಿಂದ ತಗೊಂಡ್ರು, ಬೆರಳಿಗೆ ಬೊಬ್ಬಿ ಎದ್ದಿತ್ತು. ಪಿಸ್ಟನ್ ಜಾಮ್ ಆಗಿ ಒಳಗಿನ ಗೋಡಿ ಗೀರಿ ಹೋಗಿತ್ತು. ಮೂವತ್ತೊಂದು ವರ್ಷದ ಇಂಜಿನ್.

ವಾಪಸ್ ಬರೂ ಮುಂದ ಘಾಟಿನ್ಯಾಗ ಮೂರೂ ಮಂದಿ ಮಾತಾಡ್ಲಿಲ್ಲ. ಮಗಾ ಒಂದ ಮಾತು ಅಂದ, "ನಾ ಹೇಳಿದ್ದೆ." ಇವರು ಕಿಟಕಿ ಹೊರಗ ನೋಡಿದ್ರು. ಆಮ್ಯಾಲೆ ನಾಕು ತಿಂಗಳು ಮಗಾ ಧಾರವಾಡಕ್ಕ ಬರಲಿಲ್ಲ. ಫೋನ್ ಮಾಡಿದ್ರ ನನಗ ಅಷ್ಟ ಮಾಡ್ತಿದ್ದ. "ಅಪ್ಪಗ ಕೊಡ್ಲೇನು?" ಅಂದ್ರ "ಆಮ್ಯಾಲೆ ಮಾಡ್ತೇನಿ" ಅಂತಿದ್ದ. ಇಂಜಿನ್ನು ಅರಿವ್ಯಾಗ ಸುತ್ತಿ ಅಟ್ಟಾ ಸೇರಿತು. ಮನಿ ತುಂಬ ಒಂದು ಥರಾ ಮೌನ. ಎಲ್ಲಾರೂ ಇವರದ ತಪ್ಪು ಅಂತಿದ್ರು, ಇವರೂ ಹಂಗ ತಿಳಕೊಂಡಿದ್ರು. ನನಗೊಬ್ಬಾಕಿಗೆ ಗೊತ್ತಿತ್ತು, ತಪ್ಪಿನ್ಯಾಗ ನಂದೂ ಪಾಲದ ಅಂತ.

ಆಷಾಢದಾಗ ಒಂದು ಸಂಜಿ, ಹೊರಗ ಧೋ ಮಳಿ, ಲೈಟ್ ಹೋಗಿತ್ತು. ಇವರು ಅಡಿಗಿ ಮನಿ ಮಣಿ ಮ್ಯಾಲೆ ಚಹಾ ಹಿಡದು ಕೂತಿದ್ರು. ನಾ ಹಿಟ್ಟು ನಾದೂದು ಬಿಟ್ಟು ಕೈ ತೊಳಕೊಂಡೆ, ವಹಿ ತಂದು ಕಾರವಾರದ ಪುಟ ತಗದು ಮುಂದ ಇಟ್ಟೆ. ಮೇಣಬತ್ತಿ ಬೆಳಕಿನ್ಯಾಗ ಎರಡು ಸಲ ಓದಿದ್ರು.

"ಆವತ್ತ ಇದು ನಿನ್ನ ಹತ್ರ ಇತ್ತೇನು?"

"ಚೀಲದಾಗಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಅಂತ ಬಾಯಿಗೆ ಬಂತು. ಅದು ಖರೆ ಉತ್ತರ ಅಲ್ಲ. "ಮಂದಿ ನಕ್ಕಾರು ಅಂತ ಅಂಜಿದೆ," ಅಂದೆ. ಇವರು ಬೈಲಿಲ್ಲ. ಸ್ವಲ್ಪ ಹೊತ್ತು ಸುಮ್ನ ಕೂತು, "ನಾನೂ ಅದಕ್ಕ ಅಂಜಿದ್ದೆ. ಮಗನ ಮಾತು ಕೇಳಿದ್ರ ಮಂದಿ ಏನಂದಾರು ಅಂತ," ಅಂದ್ರು. ಅಷ್ಟು ವರ್ಷದಾಗ ಇವರ ಬಾಯಿಂದ ಅಂಥಾ ಮಾತು ನಾ ಕೇಳಿದ್ದ ಇಲ್ಲ.

ಆವತ್ತ ರಾತ್ರಿ ಇವರ ಮಗಗ ಫೋನ್ ಮಾಡಿದ್ರು. "ಕಾರವಾರದ ಲೆಕ್ಕ ನಿಮ್ಮವ್ವನ ವಹ್ಯಾಗ ಅದ. ಯಾಕ ಹಂಗಾತು ನೋಡಿ ಹೇಳು," ಅಂದ್ರು. ಮಗಾ ಮರುದಿನ ಲೆಕ್ಕಾ ಹಾಕಿ ಹೇಳಿದ. ಧಾರವಾಡ ಸಮುದ್ರದಿಂದ ಸುಮಾರು 750 ಮೀಟರ್ ಮ್ಯಾಲದ. ಕೆಳಗ ಇಳದ್ರ ಅದ ಬಿಸಲಿನ್ಯಾಗೂ ಹವಾ ನೂರಕ್ಕ ಎಂಟೊಂಬತ್ತು ಪಾಲು ದಟ್ಟ ಆಗ್ತದ. ಅಲ್ಲಿನ ಸೆಕಿಯೊಳಗ ಆವಿ ಹಿಡಿಯೂ ಜಾಗಾ ನೂರಕ್ಕ ಮೂರು ನಾಕು ಪಾಲು ಅಷ್ಟ. ಅಪ್ಪಾ ಹೇಳಿದ್ದು ಸುಳ್ಳಲ್ಲ, ಆರ್ದ್ರತಾ ಇದ್ರ ಬಿಗೀಬೇಕು. ಆದ್ರ ಘಟ್ಟ ಇಳದದ್ದನ್ನ ಲೆಕ್ಕಕ್ಕ ಹಿಡೀಲಿಲ್ಲ. ಮೂರು ಕಳದು ಒಂಬತ್ತು ಬಂದಿತ್ತು, ಇವರು ಮೂರಷ್ಟ ನೋಡಿದ್ರು. ಫೋನ್ ಸ್ಪೀಕರ್‌ಗೆ ಹಾಕಿ ಅಪ್ಪಾ ಮಗಾ ಒಂದು ತಾಸು ಮಾತಾಡಿದ್ರು. ಅನ್ನ ತಳ ಹತ್ತಿತು, ನಾ ಏನೂ ಅನ್ಲಿಲ್ಲ.

ಮಗಾ ಹಳೇ ಹವ್ಯಾಸಿ ಒಬ್ಬರ ಹತ್ರ ಅದ ಇಂಜಿನ್ನಿನ ಪಿಸ್ಟನ್ನು, ಲೈನರು ಹುಡುಕಿ ತಂದ. ದೀಪಾವಳಿಗೆ ಇಬ್ಬರೂ ಅಂಗಳದಾಗ ಕೂತು ಜೋಡಿಸಿದ್ರು. ಹೊಸಾ ಪಿಸ್ಟನ್ ಕೂಡೂ ತನಕ ಇಂಜಿನ್ನಿಗೆ ಬರೇ ರಿಚ್ ಊಟ. ಬಾಣಂತಿಗೆ ಹಾಕಿದಂಗ ಎಣ್ಣಿ ಹಾಕ್ರಿ, ಓಡಸಬ್ಯಾಡ್ರಿ ಅಂತ ನಾನೂ ಕೂಗ್ತಿದ್ದೆ.

2020 ರ ಜನವರಿಯೊಳಗ ಬೆಂಗಳೂರಾಗ ಒಂದು ಸ್ಪರ್ಧಾ. ಬೆಂಗಳೂರು ನಮ್ಮೂರಕ್ಕಿಂತ ಎತ್ತರ, 900 ಮೀಟರ್ ಮ್ಯಾಲೆ. ಮುಂಜಾನೆ ಎಂಟಕ್ಕ ಮೊದಲ ಸುತ್ತು, ಮಂಜು ಬಿದ್ದಿತ್ತು, 17 ಡಿಗ್ರಿ. ಇವರು ಸೂಜಿ ಹಿಡದು, ಎಲ್ಲಾರ ಮುಂದ ತಿರುಗಿ ನನಗ ಕೇಳಿದ್ರು, "ವಹ್ಯಾಗ ಏನದ ನೋಡು."

ನಾ ತಗದೆ. ಕೈ ಸ್ವಲ್ಪ ನಡುಗ್ತಿತ್ತು. "ಇಷ್ಟ ಛಳಿಗೆ ಮನ್ಯಾಗ ಎರಡೂವರಿ ಇಟ್ಟಿದ್ವಿ. ಇದು ಎತ್ತರದ ಊರು, ಒಂದು ಹಲ್ಲು ಕಡಿಮಿ ಮಾಡ್ರಿ," ಅಂದೆ. ಯಾರೂ ನಗಲಿಲ್ಲ. ಬಾಜೂಕ ನಿಂತಿದ್ದ ಒಬ್ಬ ಹುಡುಗ "ಆಂಟಿ, ನಮ್ಮದಕ್ಕೂ ಹೇಳ್ರಿ" ಅಂದ. ನಿಮ್ಮ ಇಂಜಿನ್ ನಂಗ ಗೊತ್ತಿಲ್ಲಪಾ, ಒಂದೊಂದರ ಹೊಟ್ಟಿ ಒಂದೊಂಥರಾ, ಅಂದೆ.

ಮಧ್ಯಾಹ್ನ ಎರಡಕ್ಕ ಫೈನಲ್. ಬಿಸಲು 28 ಕ್ಕ ಏರಿತ್ತು. ಮುಂಜಾನೆ ಸೂಜಿಗೆ ಹಚ್ಚಿ ನೋಡಿದ್ರ ಗೊರ ಗೊರ ಅಂತು. ಹವಾ ತೆಳ್ಳಗಾಗಿತ್ತಲ್ಲ. ಇವರು ಒಂದೊಂದ ಹಲ್ಲು ಬಿಗೀತ ಹೋದ್ರು, ನಾ ಕಣ್ಣು ಮುಚ್ಚಿ ಕೇಳಿದೆ. ದನಿ ಸ್ವಚ್ಛ ಆಗೂಕಿಂತ ಒಂದು ಕೂದಲೆಳಿ ಮೊದಲ "ಸಾಕು" ಅಂದೆ. ಉಳದದ್ದು ಮ್ಯಾಲೆ ಹೋಗಿ ಆಗ್ತದ.

ಗೆದ್ರೇನು ಅಂತೀರೇನು? ಇಲ್ರೀ. ಮೂರರಾಗ ಎರಡನೇದವರಾದ್ವಿ. ಎಣ್ಣಿ ತುಂಬೂ ಮುಂದ ಇವರ ಕೈ ತಡಾತು, ಅರವತ್ತರ ಹತ್ರ ಬಂದ ಕೈ. ಆದ್ರ ವಿಮಾನ ಇಳದ ಮ್ಯಾಲೆ ರೆಕ್ಕಿ ಮ್ಯಾಲೆ ಹರಳೆಣ್ಣಿ ಹನಿ ಹೊಳೀತಿದ್ವು, ಪ್ಲಗ್ ಬಿಚ್ಚಿದ್ರ ತಂತಿ ಕನ್ನಡಿಯಂಗಿತ್ತು. ಮಗಾ ಅಪ್ಪನ ಹೆಗಲ ಮ್ಯಾಲೆ ಕೈ ಹಾಕಿದ್ದ. ನಾ ವಹ್ಯಾಗ ತಾರೀಖು, ಬಿಸಲು, ಸೂಜಿ ಎಲ್ಲಾ ಬರದು, ಕೆಳಗ "ಇಂಜಿನ್ ಛಲೋ ಅದ" ಅಂತ ಬರದೆ.

ಈಗ ತಿಳೀತೇನ್ರೀ ವೈನಿ, ರವಿವಾರ ಮುಂಜಾನೆ ಇವರು ಯಾಕ ಮುಗಿಲು ನೋಡ್ತಾರಂತ? ನೋಡಿ ಆದ ಮ್ಯಾಲೆ "ಏನಂತದ ನಿನ್ನ ವಹಿ?" ಅಂತ ಕೇಳ್ತಾರ. ಕೇಳಲಿಲ್ಲ ಅಂದ್ರೂ ಈಗ ನಾ ಹೇಳ್ತೇನಿ. ನಿಮ್ಮ ಹತ್ರನೂ ಅಂಥಾದೊಂದು ವಹಿ ಇರ್ತದ, ಬರದಿಟ್ಟದ್ದೋ ತಲ್ಯಾಗಿಂದೋ. ಯಾರಿಗೆ ಯಾವ ಹವಾಕ್ಕ ನೆಗಡಿ ಆಗ್ತದ, ಯಾರಿಗೆ ಯಾವ ಮಾತು ಯಾವಾಗ ಹತ್ತತದ, ಎಲ್ಲಾ ಇರ್ತದ ಅದರಾಗ. ಮಂದಿ ನಕ್ಕಾರಂತ ಚೀಲದಾಗ ಇಟ್ಕೊಂಡು ಕೂಡಬ್ಯಾಡ್ರಿ. ನಂದು ಒಂದು ಪಿಸ್ಟನ್ನು, ನಾಕು ತಿಂಗಳ ಮಾತು ಹೋತು, ಹಂಗಾಗಿ ಹೇಳಿದೆ.

ಇವತ್ತ ಮಾಡ ಮುಸುಕೇದ, ಉಪ್ಪು ಒದ್ದಿ ಆಗೇದ. ಸಂಡಿಗಿ ಹಾಕಬ್ಯಾಡ್ರಿ. ಸೂಜಿ ಒಂದು ಹಲ್ಲು ಬಿಗಿ.